ಹದಿಹರೆಯದ ಮಕ್ಕಳಲ್ಲಿ ಮೆಟಬಾಲಿಕ್ ಸಿಂಡ್ರೋಮ್: ನಾನು ನೋಡುವ ಬಗೆ

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರ್. ಹತ್ತು ವರ್ಷ ದಾಟಿದ ಮೇಲೆ ಮಕ್ಕಳು ನಮ್ಮ ಹತ್ತಿರ ಬರುವುದೇ ಕಡಿಮೆ. ಲಸಿಕೆಗಳು ಹೆಚ್ಚುಕಡಿಮೆ ಮುಗಿದಿರುತ್ತವೆ, ಜ್ವರ ಬಂದರೆ ಮೆಡಿಕಲ್ ಶಾಪಿನ ಗುಳಿಗೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಆ ವಯಸ್ಸಿನ ಮಗು ಯಾವ ಕಾರಣಕ್ಕೇ ಬರಲಿ, ಕಾಲು ಉಳುಕಿದ್ದಕ್ಕೆ ಬರಲಿ, ಮೊಡವೆಗೆ ಬರಲಿ, ಎರಡು ಕೆಲಸ ನಾನು ಬಿಡುವುದಿಲ್ಲ. ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ತೆಗೆಯುತ್ತೇನೆ. ಬಿ.ಪಿ. ನೋಡುತ್ತೇನೆ.

ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಐದು ಸಂಗತಿಗಳು ಒಂದೇ ಮೈಯಲ್ಲಿ ಗುಂಪು ಕಟ್ಟುವುದು: ಹೊಟ್ಟೆಯ ಸುತ್ತ ಕೊಬ್ಬು, ಏರಿದ ಬಿ.ಪಿ., ಏರಿದ ಸಕ್ಕರೆ, ಜಾಸ್ತಿ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು), ಕಡಿಮೆ ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್). ಎಲ್ಲ ಐದೂ ಇರಬೇಕು ಅಂತಿಲ್ಲ, ಮೂರು ಸೇರಿದರೂ ಸಾಕು. ಇವುಗಳ ಹಿಂದೆ ದೊಡ್ಡ ಪಾಲು ರಕ್ತದ ಸಕ್ಕರೆ ಇಳಿಸುವ ಹಾರ್ಮೋನಾದ ಇನ್ಸುಲಿನ್‌ನದು. ಇನ್ಸುಲಿನ್ ಇರುತ್ತದೆ, ಆದರೆ ಮೈ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಇದಕ್ಕೆ 'ಸಿಂಡ್ರೋಮ್ ಎಕ್ಸ್' ಅಂತ ಹೆಸರಿಟ್ಟರು. ಅವರ ಪಟ್ಟಿಯಲ್ಲಿ ಆಗ ಬೊಜ್ಜು ಇರಲೇ ಇಲ್ಲ. ತೆಳ್ಳಗಿನವರಲ್ಲೂ ಇದು ಇರಬಹುದು ಅನ್ನುವುದು ಮೊದಲಿಂದ ಗೊತ್ತಿದ್ದ ವಿಷಯ. ನಮ್ಮ ಮಕ್ಕಳ ಮಟ್ಟಿಗಂತೂ ಇದನ್ನು ಮರೆಯಲೇಬಾರದು.

ಯಾಕೆ ಅಂದರೆ, ನಮ್ಮ ಮೈಕಟ್ಟೇ ಹಾಗಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಯನ್ನೇ ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೂಕದ ಯಂತ್ರದ ಮೇಲೆ ಇಬ್ಬರೂ ಒಂದೇ. ನಮ್ಮ ಕಡೆ ಎರಡು, ಎರಡೂಕಾಲು ಕೆ.ಜಿ. ತೂಕದಲ್ಲಿ ಹುಟ್ಟುವ ಮಕ್ಕಳು ಬಹಳ. ಕೈಕಾಲು ಸಣ್ಣ, ಮಾಂಸಖಂಡ ಕಡಿಮೆ, ಆದರೆ ಕೊಬ್ಬು ಮಾತ್ರ ಹುಟ್ಟಿದಾಗಲೇ ಇರುತ್ತದೆ. ಅಂಥ ಮಗು ಮುಂದೆ ಚೆನ್ನಾಗಿ ಉಂಡು, ಕಡಿಮೆ ಓಡಾಡಿ ಬೆಳೆದರೆ ಕೊಬ್ಬು ಮೊದಲು ಹೊಟ್ಟೆಯ ಸುತ್ತ ಸೇರುತ್ತದೆ. ಅಂಗಿ ಮೇಲೆ ಇದ್ದಾಗ ಯಾರಿಗೂ ಕಾಣುವುದಿಲ್ಲ.

ಹಾಗಾಗಿ ನನ್ನ ಪರೀಕ್ಷೆ ಮಾತಿನಿಂದ ಶುರುವಾಗುತ್ತದೆ. ಹುಟ್ಟಿದಾಗ ತೂಕ ಎಷ್ಟಿತ್ತು? ಬಸಿರಿದ್ದಾಗ ತಾಯಿಗೆ ಶುಗರ್ ಬಂದಿತ್ತಾ? ಅಪ್ಪ, ಅವ್ವ, ಅಜ್ಜ, ಅಜ್ಜಿ, ಕಾಕಾ, ಸೋದರಮಾವ, ಇವರಲ್ಲಿ ಯಾರಿಗೆ ಶುಗರ್, ಬಿ.ಪಿ., ಹಾರ್ಟ್ ಅಟ್ಯಾಕ್, ಅದೂ ಎಷ್ಟನೇ ವಯಸ್ಸಿಗೆ? ಎಪ್ಪತ್ತರಲ್ಲಿ ಅಜ್ಜನಿಗೆ ಶುಗರ್ ಬಂದಿದ್ದು ಬೇರೆ, ಮೂವತ್ತೆಂಟಕ್ಕೆ ಅಪ್ಪನಿಗೆ ಬಂದಿದ್ದು ಬೇರೆ. 'ಮನ್ಯಾಗ ಯಾರಿಗೂ ಏನೂ ಇಲ್ರಿ' ಅನ್ನುವ ಉತ್ತರ ಬಂದರೆ, 'ಯಾರಾದರೂ ದಿನಾ ಗುಳಿಗೆ ತಗೋತಾರಾ?' ಅಂತ ಇನ್ನೊಮ್ಮೆ ಕೇಳುತ್ತೇನೆ. ಆಗ ಒಬ್ಬೊಬ್ಬರೇ ನೆನಪಾಗುತ್ತಾರೆ.

ಇನ್ನೊಂದು ಪ್ರಶ್ನೆ ನಾನು ಖಡಕ್ಕಾಗಿ ಕೇಳುತ್ತೇನೆ. ಮಗುವಿಗೆ ಹಸಿವಾಗಲಿ, ಮೈ ತುಂಬಿಕೊಳ್ಳಲಿ ಅಂತ ಯಾವುದಾದರೂ ಟಾನಿಕ್ ಅಥವಾ ಗುಳಿಗೆ ಕೊಡುತ್ತಿದ್ದೀರಾ? ದಮ್ಮಿಗೆ, ಚರ್ಮಕ್ಕೆ ಅಂತ ಯಾರೋ ಕೊಟ್ಟ ಔಷಧಿ ತಿಂಗಳುಗಟ್ಟಲೆ ನಡೆದಿದೆಯಾ? ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತೂಕ, ಬಿ.ಪಿ., ಸಕ್ಕರೆ ಮೂರೂ ಏರುತ್ತವೆ. ನೀವು ಇಲ್ಲದ ಸಿಂಡ್ರೋಮ್ ಹುಡುಕುತ್ತಾ ಕೂರುತ್ತೀರಿ.

ಆಮೇಲೆ ಟೇಪು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ತಪ್ಪೂ ಇಲ್ಲೇ ನುಸುಳುತ್ತವೆ. ಹಿಗ್ಗದ ಟೇಪು ಬೇಕು. ಹಳೆಯ ಬಟ್ಟೆ ಟೇಪು ಎಳೆದರೆ ಒಂದೆರಡು ಸೆಂಟಿಮೀಟರ್ ಹೋಗಿಬಿಡುತ್ತದೆ. ಮಗು ನೆಟ್ಟಗೆ ನಿಲ್ಲಬೇಕು, ಕೈ ಸಡಿಲ ಬಿಡಬೇಕು. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಅಂತ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಸೊಂಟದ ಎಲುಬಿನ ಮೇಲಂಚು ಎಲ್ಲಿದೆ ಅಂತಲೂ ನೋಡುತ್ತೇನೆ. ಎರಡರ ನಡುವೆ ಸರಿಯಾಗಿ ಮಧ್ಯಕ್ಕೆ ಪೆನ್ನಿನಿಂದ ಒಂದು ಗುರುತು. ಟೇಪು ನೆಲಕ್ಕೆ ಸಮವಾಗಿ ಸುತ್ತಬೇಕು, ಚರ್ಮ ಒತ್ತಬಾರದು. ಉಸಿರು ಬಿಟ್ಟ ಕೊನೆಗೆ ಓದಬೇಕು. ಹುಡುಗರು ಟೇಪು ಕಂಡ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. 'ತಮ್ಮಾ, ನಿನ್ನ ಸಾಲಿ ಹೆಸರು ಹೇಳು' ಅಂತ ಮಾತಿಗೆ ಎಳೆಯುತ್ತೇನೆ. ಮಾತಾಡುತ್ತಾ ಉಸಿರು ಬಿಡುತ್ತಾರೆ, ಹೊಟ್ಟೆ ಸಡಿಲವಾಗುತ್ತದೆ, ಅಷ್ಟರಲ್ಲಿ ಓದಿಬಿಡುತ್ತೇನೆ. ಎರಡು ಸಲ ಅಳೆಯುತ್ತೇನೆ. ಹುಡುಗಿಯರಾದರೆ ಪರದೆಯ ಹಿಂದೆ, ತಾಯಿ ಜೊತೆಗಿರುತ್ತಾರೆ.

ಪ್ಯಾಂಟಿನ ಸೈಜ್ ಮಾತ್ರ ನಂಬಬೇಡಿ. ಈಗಿನ ಹುಡುಗರು ಪ್ಯಾಂಟು ಹೊಟ್ಟೆಯ ಕೆಳಗೆ ಹಾಕುತ್ತಾರೆ. ಅಪ್ಪ 'ಮೂವತ್ತು ಇಂಚ್ ಐತ್ರಿ' ಅನ್ನುತ್ತಾರೆ, ಟೇಪಿನಲ್ಲಿ ಮೂವತ್ಮೂರು ಬರುತ್ತದೆ.

ಸುತ್ತಳತೆಯನ್ನು ಎತ್ತರದಿಂದ ಭಾಗಿಸುತ್ತೇನೆ. 0.5 ದಾಟಿದರೆ, ಅಂದರೆ ಹೊಟ್ಟೆ ಎತ್ತರದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಮುಂದಿನ ಪರೀಕ್ಷೆ ಮಾಡುತ್ತೇನೆ. ಇದಕ್ಕೆ ಚಾರ್ಟು ಬೇಕಿಲ್ಲ, ಮನೆಯಲ್ಲೂ ದಾರದಿಂದ ನೋಡಬಹುದು. ಚಾರ್ಟನ್ನೂ ನೋಡುತ್ತೇನೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ, ಅಂದರೆ ಐಡಿಎಫ್, 90ನೇ ಪರ್ಸೆಂಟೈಲ್ ದಾಟಬೇಕು, ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ತೊಂಬತ್ತು ಮಕ್ಕಳಿಗಿಂತ ಜಾಸ್ತಿ ಇರಬೇಕು ಅನ್ನುತ್ತದೆ. ಆದರೆ ಭಾರತದ ಮಕ್ಕಳ ಅಳತೆ ಇಟ್ಟುಕೊಂಡು 2014ರಲ್ಲಿ ಪುಣೆಯ ತಂಡ ಮಾಡಿದ ಚಾರ್ಟಿನಲ್ಲಿ 70ನೇ ಪರ್ಸೆಂಟೈಲ್‌ನಿಂದಲೇ ಅಪಾಯ ಶುರು ಅಂತ ಕಂಡಿತು. ನಾನು 70ನ್ನೇ ಎಚ್ಚರಿಕೆಯ ಗೆರೆ ಅಂತ ಇಟ್ಟುಕೊಂಡಿದ್ದೇನೆ. ಬಿಎಂಐಗೆ ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಚಾರ್ಟು. ಅದರಲ್ಲಿ ದೊಡ್ಡವರ 23 ಮತ್ತು 27ಕ್ಕೆ ಸಮನಾದ ಗೆರೆಗಳಿವೆ. ಮೊದಲನೆಯದು ದಾಟಿದರೆ ಹೆಚ್ಚು ತೂಕ, ಎರಡನೆಯದು ದಾಟಿದರೆ ಬೊಜ್ಜು.

ಎತ್ತರವನ್ನೂ ಗಮನಿಸಿ. ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ಎತ್ತರವಾಗೇ ಇರುತ್ತಾರೆ. ದಪ್ಪಗಿದ್ದು ಗಿಡ್ಡಗೂ ಇದ್ದರೆ, ಅಥವಾ ಎತ್ತರ ಬೆಳೆಯುವುದು ನಿಂತುಬಿಟ್ಟಿದ್ದರೆ, ಆಗ ಥೈರಾಯ್ಡ್ ಮತ್ತು ಬೇರೆ ಹಾರ್ಮೋನಿನ ತೊಂದರೆ ಹುಡುಕಬೇಕು. ಎಲ್ಲರಿಗೂ ಸುಮ್ನೆ ಥೈರಾಯ್ಡ್ ಟೆಸ್ಟ್ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಬಿ.ಪಿ. ವಿಷಯದಲ್ಲಿ ತೋಳಿಗೆ ಕಟ್ಟುವ ಪಟ್ಟಿಯ ಅಳತೆಯೇ ಮುಖ್ಯ. ಪಟ್ಟಿಯೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40ರಷ್ಟು ಇರಬೇಕು, ಉದ್ದ ತೋಳನ್ನು ಶೇ. 80ರಿಂದ 100ರಷ್ಟು ಸುತ್ತಬೇಕು. ಸಣ್ಣ ಪಟ್ಟಿ ಕಟ್ಟಿದರೆ ಬಿ.ಪಿ. ಸುಳ್ಳಾಗಿ ಜಾಸ್ತಿ ಬರುತ್ತದೆ. ಹದಿಮೂರರ ಒಬ್ಬ ಹುಡುಗನನ್ನು ತಾಯಿ ಗಾಬರಿಯಾಗಿ ಕರೆತಂದಿದ್ದರು. ಬೇರೆ ಕಡೆ ಬಿ.ಪಿ.ಯ ಮೇಲಿನ ಅಂಕಿ 134 ಬಂದಿತ್ತು. ಕಬಡ್ಡಿ ಆಡುವ ಹುಡುಗ, ಎತ್ತರ 160 ಸೆಂ.ಮೀ., ತೂಕ 72 ಕೆ.ಜಿ., ತೋಳು ದಪ್ಪ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿಸಿ ಕೂರಿಸಿದೆ. ಬಲಗೈಗೆ ದೊಡ್ಡವರ ಪಟ್ಟಿ ಕಟ್ಟಿದೆ. 116 ಬಂತು. ಆದರೂ ಒಂದೇ ದಿನದ ಅಳತೆ ಮೇಲೆ ನಾನು ಏನೂ ಹೇಳುವುದಿಲ್ಲ. ಬೇರೆ ಬೇರೆ ಮೂರು ಭೇಟಿಯಲ್ಲಿ ಜಾಸ್ತಿ ಬಂದರೆ ಮಾತ್ರ ಅದು ಬಿ.ಪಿ. ಹದಿಮೂರು ದಾಟಿದವರಿಗೆ ಲೆಕ್ಕ ಸುಲಭ: 120ರ ಮೇಲೆ ಹೋದರೆ ಎಚ್ಚರ, 130/80 ದಾಟಿದರೆ ಬಿ.ಪಿ. ಅಂತಲೇ.

ಇನ್ನು ಕುತ್ತಿಗೆ. ಹಿಂಭಾಗದಲ್ಲಿ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾದ ಚರ್ಮ ಕಂಡರೆ ಕಂಕುಳನ್ನೂ ನೋಡುತ್ತೇನೆ. 'ಇವ ಕುತ್ತಿಗಿ ತಿಕ್ಕೊಳ್ಳಂಗೇ ಇಲ್ರಿ ಮೇಡಂ, ಎಷ್ಟ್ ಹೇಳಿದ್ರೂ ಕೇಳಂಗಿಲ್ಲ' ಅಂತ ತಾಯಂದಿರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಕಲ್ಲು ಹಚ್ಚಿ ತಿಕ್ಕಿ ಗಾಯ ಮಾಡಿಕೊಂಡ ಮಕ್ಕಳನ್ನು ನೋಡಿದ್ದೇನೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಚರ್ಮ ಹಾಗೆ ಬೆಳೆಯುತ್ತದೆ. ಮಗುವಿನ ಮುಂದೆಯೇ ತಾಯಿಗೆ ಇದನ್ನು ಹೇಳುತ್ತೇನೆ. ಎಷ್ಟೋ ದಿನ ಬೈಸಿಕೊಂಡ ಮಗುವಿಗೆ ಅದು ತನ್ನ ತಪ್ಪಲ್ಲ ಅಂತ ಗೊತ್ತಾಗಬೇಕು.

ಇಷ್ಟರಲ್ಲಿ ಯಾರಿಗೆ ರಕ್ತ ಪರೀಕ್ಷೆ ಬೇಕು ಅಂತ ಗೊತ್ತಾಗಿರುತ್ತದೆ. ಎಲ್ಲರಿಗೂ ಬೇಡ. ಹೊಟ್ಟೆ ಗೆರೆ ದಾಟಿದ್ದರೆ, ಕುತ್ತಿಗೆ ಕಪ್ಪಗಿದ್ದರೆ, ಬಿ.ಪಿ. ಜಾಸ್ತಿಯಿದ್ದರೆ, ಅಥವಾ ಮನೆಯಲ್ಲಿ ಎಳೆ ವಯಸ್ಸಿಗೇ ಶುಗರ್ ಬಂದಿದ್ದರೆ ಬರೆಯುತ್ತೇನೆ. ಖಾಲಿ ಹೊಟ್ಟೆಯ ಸಕ್ಕರೆ, ಲಿಪಿಡ್ (ರಕ್ತದ ಕೊಬ್ಬುಗಳು), ಲಿವರ್‌ಗೆ ಎಎಲ್‌ಟಿ, ಹಿಮೋಗ್ಲೋಬಿನ್. ಇಲ್ಲಿ ಖಾಲಿ ಹೊಟ್ಟೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಗದಗದಿಂದ, ಹಾವೇರಿಯಿಂದ ಬೆಳಗಿನ ಬಸ್ಸಿಗೆ ಬರುವವರು 'ಏನೂ ತಿಂದಿಲ್ರಿ, ಬರೇ ಅರ್ಧ ಕಪ್ ಚಾ ಕುಡದೇನಿ' ಅನ್ನುತ್ತಾರೆ. ಸಕ್ಕರೆ ಹಾಕಿದ ಚಾ ಕುಡಿದರೆ ಆ ಟೆಸ್ಟು ಹೋಯಿತು. ರಾತ್ರಿ ಊಟದ ನಂತರ ಎಂಟರಿಂದ ಹನ್ನೆರಡು ತಾಸು ನೀರು ಬಿಟ್ಟು ಏನೂ ಬೇಡ ಅಂತ ಚೀಟಿಯಲ್ಲೇ ಬರೆಯುತ್ತೇನೆ. ದೂರದಿಂದ ಬಂದವರು ತಿಂದುಬಿಟ್ಟಿದ್ದರೆ ವಾಪಸ್ ಕಳಿಸುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು ಉಳಿದದ್ದನ್ನು ನೋಡುತ್ತೇನೆ. ಅದಕ್ಕೆ ಉಪವಾಸ ಬೇಕಿಲ್ಲ. 145 ದಾಟಿದ್ದರೆ ಜಾಸ್ತಿ, ಆಗ ಮಾತ್ರ ಇನ್ನೊಂದು ಬೆಳಗ್ಗೆ ಉಪವಾಸದಲ್ಲಿ ಕರೆಸುತ್ತೇನೆ.

ಇನ್ಸುಲಿನ್ ಟೆಸ್ಟ್ ಮಾಡಿಸಿಕೊಂಡು ರಿಪೋರ್ಟ್ ಹಿಡಿದು ಬರುವವರು ಈಗ ಜಾಸ್ತಿಯಾಗಿದ್ದಾರೆ. ನಾನು ಅದನ್ನು ಬರೆಯುವುದಿಲ್ಲ. ದೊಡ್ಡವರಾಗುವ ವಯಸ್ಸಿನಲ್ಲಿ ಯಾವ ಮಗುವಿಗೇ ಆದರೂ ಇನ್ಸುಲಿನ್ ಕೆಲಸ ಮಾಡುವುದು ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ಇನ್ಸುಲಿನ್ ಜಾಸ್ತಿ ಬರುತ್ತದೆ. ಬೆಳವಣಿಗೆ ಮುಗಿಯುತ್ತಿದ್ದಂತೆ ತಾನಾಗೇ ಇಳಿಯುತ್ತದೆ. ಸಾಲದ್ದಕ್ಕೆ ಒಂದೊಂದು ಲ್ಯಾಬಿನ ಅಂಕಿ ಒಂದೊಂದು ಥರ. ಆ ದುಡ್ಡಿನಲ್ಲಿ ಮನೆಗೆ ಒಂದು ಟೇಪು, ಮಗುವಿಗೆ ಒಂದು ಜೊತೆ ಒಳ್ಳೆ ಬೂಟು ಬರುತ್ತದೆ.

ಈಗ ಲೆಕ್ಕದ ತೊಡಕು. ಒಂದು ಹುಡುಗಿಯ ವಿಷಯ ಹೇಳಿದರೆ ತಿಳಿಯುತ್ತದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗದಗ ಜಿಲ್ಲೆಯ ಹಳ್ಳಿಯವಳು, ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದಳು. ಹದಿನಾರು ಆಗತಾನೆ ತುಂಬಿತ್ತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ ಅಂತ ಅವ್ವ ಕರೆತಂದಿದ್ದರು. ಎತ್ತರ 154, ತೂಕ 53. ಬಿಎಂಐ 22.3. ಕೈಕಾಲು ಸಣ್ಣ. ಯಾರು ನೋಡಿದರೂ 'ಸರಿಯಾಗಿ ಉಣ್ಣೋದಿಲ್ಲ' ಅನ್ನುವಂಥ ಹುಡುಗಿ. ಟೇಪು ಸುತ್ತಿದರೆ 82 ಸೆಂ.ಮೀ. ಎತ್ತರದ ಅರ್ಧ 77. ಅಪ್ಪನಿಗೆ ಮೂವತ್ತೆಂಟಕ್ಕೇ ಶುಗರ್. ಹುಟ್ಟಿದಾಗ ಇವಳು ಎರಡು ಕೆ.ಜಿ. ಮೇಲೆ ಸ್ವಲ್ಪ. ರಕ್ತದಲ್ಲಿ ಟ್ರೈಗ್ಲಿಸರೈಡ್ 158, ಎಚ್‌ಡಿಎಲ್ 44, ಸಕ್ಕರೆ 92. ಬಿ.ಪಿ. 112/72.

ಇವಳಿಗೆ ಮೆಟಬಾಲಿಕ್ ಸಿಂಡ್ರೋಮ್ ಇದೆಯಾ? ಐಡಿಎಫ್ 2007ರಲ್ಲಿ ಮಕ್ಕಳಿಗಾಗಿ ಮಾಡಿದ ನಿಯಮದಲ್ಲಿ ಹತ್ತರಿಂದ ಹದಿನಾರರೊಳಗೆ ಹೊಟ್ಟೆಯ ಕೊಬ್ಬು ಇರಲೇಬೇಕು. ಅದರ ಜೊತೆ ನಾಲ್ಕರಲ್ಲಿ ಎರಡು ಸೇರಬೇಕು: ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಬಿ.ಪಿ. 130/85 ಅಥವಾ ಮೇಲೆ, ಸಕ್ಕರೆ 100 ಅಥವಾ ಮೇಲೆ. ಹದಿನಾರು ತುಂಬಿದರೆ ದೊಡ್ಡವರ ಲೆಕ್ಕ. ನಮ್ಮ ದೇಶದವರಿಗೆ ಹೊಟ್ಟೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ., ಮತ್ತು ಹೆಂಗಸರಿಗೆ ಎಚ್‌ಡಿಎಲ್ ಗೆರೆ 50. ಅಂದರೆ ಇದೇ ಅಂಕಿಗಳಿಗೆ ಹುಟ್ಟುಹಬ್ಬದ ಹಿಂದಿನ ದಿನ ಇವಳಿಗೆ ಸಿಂಡ್ರೋಮ್ ಇಲ್ಲ, ಮಾರನೇ ದಿನ ಇದೆ. ಅಮೆರಿಕದಲ್ಲಿ ಕುಕ್ ಮತ್ತು ಸಂಗಡಿಗರು 2003ರಲ್ಲಿ ಬಳಸಿದ ಇನ್ನೊಂದು ಲೆಕ್ಕದಲ್ಲಿ ಟ್ರೈಗ್ಲಿಸರೈಡ್ ಗೆರೆ 110, ಎಚ್‌ಡಿಎಲ್ 40, ಐದರಲ್ಲಿ ಯಾವುದಾದರೂ ಮೂರು ಬೇಕು. ಅದರ ಪ್ರಕಾರ ಇವಳಿಗೆ ಇವತ್ತೂ ಇಲ್ಲ.

ಹಾಗಾಗಿ ನಾನು ಇದೆ ಅಥವಾ ಇಲ್ಲ ಅನ್ನುವ ಹಣೆಪಟ್ಟಿಗೆ ಜಾಸ್ತಿ ಬೆಲೆ ಕೊಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2017ರಲ್ಲಿ ಇದನ್ನೇ ಹೇಳಿತು: ಮಕ್ಕಳಲ್ಲಿ ಹೆಸರಿನ ಹಿಂದೆ ಬೀಳುವ ಬದಲು, ಅಪಾಯದ ಸಂಗತಿಗಳು ಎಷ್ಟು ಸೇರಿವೆ ಅಂತ ನೋಡಿ ಒಂದೊಂದಕ್ಕೂ ಕೆಲಸ ಶುರು ಮಾಡಿ. ನನ್ನ ಹಾಳೆಯಲ್ಲಿ ಐದು ಅಳತೆ, ಮನೆಯವರ ಶುಗರಿನ ವಯಸ್ಸು, ಹುಟ್ಟಿದ ತೂಕ, ಕುತ್ತಿಗೆ, ನಿದ್ದೆ ಇಷ್ಟೂ ಒಂದೇ ಕಡೆ ಬರೆಯುತ್ತೇನೆ. ಕಬಡ್ಡಿ ಹುಡುಗನ ಹಾಳೆಯಲ್ಲಿ ಹೊಟ್ಟೆ ಮತ್ತು ತೂಕ ಬಿಟ್ಟು ಎಲ್ಲ ನೆಟ್ಟಗಿತ್ತು. ಈ ಹುಡುಗಿಯ ಹಾಳೆಯಲ್ಲಿ ತೂಕ ಬಿಟ್ಟು ಬಹಳಷ್ಟು ಕೆಟ್ಟಿತ್ತು. ಊರವರ ಕಣ್ಣಿಗೆ ಕಾಯಿಲೆಯವನು ಅವನು. ನನಗೆ ಚಿಂತೆ ಇವಳದು.

ಇವಳ ರಿಪೋರ್ಟಿನಲ್ಲಿ ಮತ್ತೊಂದು ಗೊಂದಲ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 5.9 ಬಂದಿತ್ತು. 5.7 ದಾಟಿದರೆ ಶುಗರಿನ ಹಾದಿಯಲ್ಲಿದ್ದಾರೆ ಅಂತ ಲೆಕ್ಕ. ಆದರೆ ಹಿಮೋಗ್ಲೋಬಿನ್ 9.8 ಇತ್ತು. ಕಬ್ಬಿಣ ಕಡಿಮೆಯಾಗಿ ರಕ್ತಹೀನತೆ ಆದಾಗ ಎಚ್‌ಬಿಎ1ಸಿ ಸುಳ್ಳಾಗಿ ಏರುತ್ತದೆ. ನಮ್ಮ ಭಾಗದ ಹುಡುಗಿಯರಲ್ಲಿ ರಕ್ತ ಕಡಿಮೆ ಇರುವುದು ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು. ಮೊದಲು ಕಬ್ಬಿಣದ ಗುಳಿಗೆ ಕೊಟ್ಟು ರಕ್ತ ಸರಿ ಮಾಡಿ, ಆಮೇಲೆ ಮತ್ತೆ ನೋಡಿದಾಗ 5.5 ಇತ್ತು. ಮುಟ್ಟಿನ ತೊಂದರೆಗೆ ಪಿಸಿಒಎಸ್ (ಅಂಡಾಶಯ ಮತ್ತು ಹಾರ್ಮೋನಿನ ಒಂದು ತೊಂದರೆ) ಇರಬಹುದಾ ಅಂತ ಹೆಂಗಸರ ಡಾಕ್ಟರ್ ಹತ್ತಿರ ಕಳಿಸಿದೆ. ಅದಕ್ಕೂ ಇನ್ಸುಲಿನ್‌ಗೂ ನಂಟಿದೆ.

'ಇಷ್ಟ್ ಸಣ್ಣ ಹುಡುಗಿಗೆ ಕೊಲೆಸ್ಟ್ರಾಲ್ ಅಂದ್ರ ಹೆಂಗ್ರಿ ಮೇಡಂ?' ಅಂತ ಅವ್ವ ಕಣ್ಣೀರಿಟ್ಟರು. ಹುಡುಗಿ ಅದಕ್ಕಿಂತ ಮುಂದೆ ಹೋಗಿ, 'ನಾಳಿಯಿಂದ ರಾತ್ರಿ ಊಟ ಬಿಡ್ತೇನ್ರಿ' ಅಂದಳು. ಅದು ಬೇಡವೇ ಬೇಡ ಅಂದೆ. ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಿದರೆ ಮಾಂಸಖಂಡ ಕರಗುತ್ತದೆ, ಅದು ಇವಳಲ್ಲಿ ಮೊದಲೇ ಕಡಿಮೆ. ದಿನದ ಊಟ ಕೇಳಿದೆ. ಬೆಳಗ್ಗೆ ಸಕ್ಕರೆ ಚಾ ಮತ್ತು ಬಿಸ್ಕೀಟು, ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಚಾ ಜೊತೆ ಮತ್ತೆ ಬಿಸ್ಕೀಟು, ರಾತ್ರಿ ಅನ್ನ ಸಾರು. ಓದು ರಾತ್ರಿ ಒಂದರವರೆಗೆ, ಬೆಳಗ್ಗೆ ಐದೂವರೆಗೆ ಎದ್ದು ಕೋಚಿಂಗ್. ಕೂತಲ್ಲಿಂದ ಏಳುವುದೇ ಇಲ್ಲ. ಗಿರ್ಮಿಟ್ ಮಿರ್ಚಿ ತಿನ್ನುವುದು ಯಾವಾಗಲೋ ಒಮ್ಮೆ. ಜನ ಬೈಯುವುದು ಮಿರ್ಚಿಗೆ. ಕೆಡಿಸಿದ್ದು ದಿನಾ ತಿನ್ನುವ ಬಿಸ್ಕೀಟು, ಸಕ್ಕರೆ, ಬರೀ ಅನ್ನ, ಮತ್ತು ನಿದ್ದೆಗೇಡು.

ಇವಳ ಮನೆಯ ಊಟ ಚೆನ್ನಾಗೇ ಇತ್ತು. ಜೋಳದ ರೊಟ್ಟಿ, ಕಾಳುಪಲ್ಯ, ಜೊತೆಗೆ ಹಸಿ ಮೆಂತ್ಯ, ಹಕ್ಕರಕಿ, ಮೊಸರು, ಶೇಂಗಾ ಹಿಂಡಿ. ಹೊಸದಾಗಿ ಡಯಟ್ ಚಾರ್ಟ್ ಬರೆಯುವ ಅಗತ್ಯವೇ ಇರಲಿಲ್ಲ. ಅವ್ವ ಹದಿನೈದು ದಿನಕ್ಕೊಮ್ಮೆ ಕಟಿ ರೊಟ್ಟಿ, ಶೇಂಗಾ ಹಿಂಡಿ, ಹುರಿದ ಕಡಲೆ ಕಳಿಸಲು ಶುರು ಮಾಡಿದರು. ಹಾಸ್ಟೆಲ್ ವಾರ್ಡನ್ ಜೊತೆ ಫೋನಿನಲ್ಲಿ ಮಾತಾಡಿದೆ. ಮೊಳಕೆ ಹೆಸರುಕಾಳಿಗೆ ಒಪ್ಪಿದರು, ಅದು ಎಲ್ಲ ಹುಡುಗಿಯರಿಗೂ ಸಿಕ್ಕಿತು. ಚಾ ಎರಡು ಕಪ್‌ಗೆ ಇಳಿಯಿತು, ಸಕ್ಕರೆ ಅರ್ಧ. ಮಲಗುವುದು ಹನ್ನೊಂದಕ್ಕೆ. ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೈ ದಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಸಲ ಆಗಬೇಕಿಲ್ಲ. ಕೋಚಿಂಗ್‌ಗೆ ಆಟೋ ಬಿಟ್ಟು ನಡೆದಳು, ಸಂಜೆ ಗೆಳತಿಯರ ಜೊತೆ ಹಗ್ಗದಾಟ. ಭಾನುವಾರ ಕೆಲಗೇರಿ ಕೆರೆಯ ಕಡೆಗೆ ನಡಿಗೆ.

ಕಬಡ್ಡಿ ಹುಡುಗನಿಗೆ ನಾನು ತೂಕ ಇಳಿಸು ಅನ್ನಲಿಲ್ಲ. ಅವನಿನ್ನೂ ಎತ್ತರ ಬೆಳೆಯುತ್ತಾನೆ. ತೂಕ ಇದ್ದಲ್ಲೇ ನಿಂತರೆ ಸಾಕು. ಆಟ ಬಿಡಿಸಬೇಡಿ, ಪರೀಕ್ಷೆ ಬಂತು ಅಂತ ಗ್ರೌಂಡಿನಿಂದ ಎಳೆದು ತರಬೇಡಿ ಅಂತ ಅಪ್ಪನಿಗೆ ಹೇಳಿದೆ. 'ಬೆಳಿಯೋ ಹುಡುಗ ಅದಾನ್ರಿ, ಉಣ್ಲಿ ಬಿಡ್ರಿ' ಅಂದರು ಅಜ್ಜಿ. ಉಣ್ಣಲಿ ಆಯಿ, ಬಾಟಲಿಯ ತಂಪು ಪಾನೀಯ ಮಾತ್ರ ಮನೆಗೆ ತರಬ್ಯಾಡ್ರಿ ಅಂದೆ. ಅಜ್ಜಿ ಒಪ್ಪಿದ ಮೇಲೆ ಆ ಮನೆಯಲ್ಲಿ ಅದು ನಡೆಯಿತು.

ಕೆಲವು ಮಕ್ಕಳನ್ನು ನನ್ನ ಹತ್ತಿರ ಇಟ್ಟುಕೊಳ್ಳದೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದವರು, ಬಿ.ಪಿ. 140/90 ದಾಟಿದವರು, ಎಎಲ್‌ಟಿ ತಿಂಗಳುಗಟ್ಟಲೆ ಏರಿಯೇ ಇರುವವರು, ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು. ಟ್ರೈಗ್ಲಿಸರೈಡ್ 500 ದಾಟಿದರೆ ತಡ ಮಾಡುವುದಿಲ್ಲ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಇರುತ್ತದೆ.

ಹುಡುಗಿ ಆರು ತಿಂಗಳ ನಂತರ ಬಂದಾಗ ತೂಕ 52. ಒಂದೇ ಕೆ.ಜಿ. ಇಳಿದಿತ್ತು. ಹೊಟ್ಟೆ 78.5, ಟ್ರೈಗ್ಲಿಸರೈಡ್ 121. ಎಚ್‌ಡಿಎಲ್ 46, ಅದು ನಿಧಾನ. ಹೊಟ್ಟೆ ಇನ್ನೂ ಎತ್ತರದ ಅರ್ಧಕ್ಕಿಂತ ಜಾಸ್ತಿಯೇ ಇತ್ತು, ಹಾಗಾಗಿ ಮುಂದಿನ ಆರು ತಿಂಗಳಿಗೆ ಮತ್ತೆ ಬರಲು ಹೇಳಿದೆ. ಜೊತೆಗೆ ಅವಳ ತಮ್ಮನೂ ಬಂದಿದ್ದ, ಹನ್ನೆರಡು ವರ್ಷ. ಅಪ್ಪನ ಶುಗರ್ ಇಬ್ಬರಿಗೂ ಒಂದೇ ಅಲ್ವಾ, ಅದಕ್ಕೇ ಕರೆಸಿದ್ದೆ. ಅವನ ಸುತ್ತಳತೆ ಎತ್ತರದ 0.46, ಬಿ.ಪಿ. ಸರಿ, ಕುತ್ತಿಗೆ ಸ್ವಚ್ಛ. ರಕ್ತ ಪರೀಕ್ಷೆ ಈಗ ಬೇಡ, ವರ್ಷಕ್ಕೊಮ್ಮೆ ಟೇಪು ಹಿಡಿಯೋಣ ಅಂತ ಅವ್ವನಿಗೆ ಹೇಳಿ, ಅವನ ಹೆಸರಿನಲ್ಲೂ ಒಂದು ಹಾಳೆ ತೆಗೆದೆ.